‘ಯಾದ್ ವಶೇಮ್’ ಕಾದಂಬರಿಯೂ ಯೆಹೂದ್ಯರ ಮನೆವಾರ್ತೆಯೂ

ಶ್ರೀಮತಿ ನೇಮಿಚಂದ್ರ ಅವರ ‘ಯಾದ್ ವಶೇಮ್’ ಎಂಬ ಕಾದಂಬರಿಯು 2007ನೆಯ ಇಸವಿಯಲ್ಲಿ ಪ್ರಕಟವಾಗಿ, ಅಂದಿನಿಂದ ಹಲವು ಮುದ್ರಣಗಳನ್ನು ಕಂಡಿದೆ. ಯೆಹೂದ್ಯರನ್ನು ಕುರಿತು ಕನ್ನಡದಲ್ಲಿ ಸ್ವತಂತ್ರವಾಗಿ ರಚಿತವಾದ ಕಥಾಗ್ರಂಥಗಳಲ್ಲಿ ಇಷ್ಟು ವ್ಯಾಪ್ತಿಯುಳ್ಳದ್ದೂ ಇಷ್ಟು ಶ್ರದ್ಧೆಯಿಂದ ಕೂಡಿದ್ದೂ ಅಪೂರ್ವವೆಂಬುದರಲ್ಲಿ ಸಂಶಯವಿಲ್ಲ. ಅದರ ಕರುಣರಸವನ್ನೂ ಮಾನವಪ್ರೇಮವನ್ನೂ ಕೊಂಡಾಡಿದವರು ಬಹುಮಂದಿ. ಆ ಪ್ರಶಂಸೆಯನ್ನು ಇಲ್ಲಿ ಪುನರುಕ್ತಿ ಮಾಡುವುದು ಅನಾವಶ್ಯಕ. ಕರುಣವು ಸಿದ್ಧಿಸಿದೆಯೆಂದು ಒಪ್ಪಿಕೊಂಡ ಮೇಲೆಯೂ ಉಳಿಯುವ ಪ್ರಶ್ನೆಯೊಂದುಂಟು. ಈ ಗ್ರಂಥವನ್ನು ಓದಿ ಮುಗಿಸಿದ ಕನ್ನಡ ವಾಚಕನು ಯೆಹೂದ್ಯರು ಹೇಗೆ ಸತ್ತರೆಂಬುದನ್ನು ಚೆನ್ನಾಗಿ ಅರಿಯುವನು. ಅವರು ಹೇಗೆ ಬಾಳುವರೆಂಬುದನ್ನು ಎಷ್ಟರ ಮಟ್ಟಿಗೆ ಅರಿಯುವನು?

ಪ್ರಶ್ನೆಯು ಕೇವಲ ಕುತೂಹಲದಿಂದ ಹುಟ್ಟಿದುದಲ್ಲ. ಒಂದು ಜನಾಂಗವನ್ನು ಅದರ ಮರಣದಿಂದಲೇ ಗುರುತಿಸುವ ಸಾಹಿತ್ಯವು, ಎಷ್ಟೇ ಕನಿಕರದಿಂದ ತುಂಬಿದ್ದರೂ, ಆ ಜನಾಂಗಕ್ಕೆ ಅರ್ಧ ನ್ಯಾಯವನ್ನು ಮಾತ್ರ ಸಲ್ಲಿಸಿದಂತಾಗುವುದು. ಕನ್ನಡದ ಮಟ್ಟಿಗೆ ಈ ಅಪಾಯವು ಹೆಚ್ಚಿನದು. ಕನ್ನಡಿಗರಿಗೆ ಯೆಹೂದ್ಯನು ಪರಿಚಿತನಾದುದು ಮುಖ್ಯವಾಗಿ ಮೂರು ಬಾಗಿಲುಗಳಿಂದ. ಮೊದಲನೆಯದು 19ನೆಯ ಶತಮಾನದಲ್ಲಿ ಮಿಷನರಿಗಳು ಕನ್ನಡಿಸಿದ ಬೈಬಲು. ಅಲ್ಲಿ ಅವನು ಪ್ರವಾದಿ, ರಾಜ, ಇಲ್ಲವೆ ಫರಿಸಾಯ. ಎರಡನೆಯದು ಷೇಕ್ಸ್‌ಪಿಯರನ ನಾಟಕ. ಅಲ್ಲಿ ಅವನು ಬಡ್ಡಿಯ ಷೈಲಾಕ್. ಈ ಹೆಸರು ತರಗತಿಯ ಕೋಣೆಯಿಂದ ಹೊರಬಿದ್ದು ಲೇವಾದೇವಿಗಾರರಿಗೆ ಅಡ್ಡಹೆಸರಾಗಿಯೂ ಸಂದಿದೆ. ಮೂರನೆಯದು 1939ರಿಂದ 1945ರವರೆಗಿನ ಮಹಾಯುದ್ಧದ ಕಾಲದಲ್ಲಿ ನಾಜಿಗಳು ನಡೆಸಿದ, ಅರುವತ್ತು ಲಕ್ಷ ಯೆಹೂದ್ಯರನ್ನು ಬಲಿಗೊಂಡ ಸಂಹಾರದ ಚರಿತ್ರೆ. ಆನ್ ಫ್ರಾಂಕಳ ದಿನಚರಿಯು ಕನ್ನಡಕ್ಕೆ ಬಂದು ಈ ಮೂರನೆಯ ಬಾಗಿಲನ್ನು ಅಗಲವಾಗಿ ತೆರೆಯಿತು. ಮೂರರಲ್ಲಿ ಯಾವುದರಿಂದ ಒಳಹೊಕ್ಕರೂ ಎದುರಾಗುವುದು ದೇವಾಲಯ, ನ್ಯಾಯಸ್ಥಾನ, ಸೆರೆಮನೆ, ಅಡಿಗೆಯ ಮನೆಯಲ್ಲ. ಹಿಂದಿನವರು ಮನೆವಾರ್ತೆಯೆಂದು ಕರೆಯುತ್ತಿದ್ದ ಆ ವಸ್ತು, ಎಂದರೆ ದೀಪ ಹಚ್ಚುವ ಹೊತ್ತು, ಉಣ್ಣುವ ಬಗೆ, ಮಗುವಿಗೆ ಹೆಸರಿಡುವ ರೀತಿ, ವಾರದಲ್ಲಿ ಬಿಡುವಿನ ದಿನ ಇವುಗಳೆಲ್ಲದರ ಸಮೂಹವು, ಕನ್ನಡ ವಾಚಕನ ಕಣ್ಣಿಗೆ ಬೀಳುವುದೇ ವಿರಳ.

ಕಥೆಯ ಸ್ಥೂಲರೂಪವನ್ನು ಇಲ್ಲಿ ಹೇಳಬೇಕಾಗುವುದು. ಹಿಟ್ಲರನ ಆಳಿಕೆಯಲ್ಲಿ ಬರ್ಲಿನ್ ನಗರವನ್ನು ಬಿಟ್ಟು ತಂದೆಯೊಡನೆ ಬೆಂಗಳೂರಿಗೆ ಬಂದ ಹ್ಯಾನಾ ಎಂಬ ಬಾಲಿಕೆಯು, ತಂದೆಯನ್ನು ಕಳೆದುಕೊಂಡು, ನೆರೆಮನೆಯವರ ಆಶ್ರಯದಲ್ಲಿ ಬೆಳೆದು, ಅನಿತಾ ಎಂಬ ಹೆಸರಿನಿಂದ ಆ ಮನೆಯ ಸೊಸೆಯೂ ಆಗುವಳು. ವೃದ್ಧಾಪ್ಯ ಸಮೀಪಿಸಿದ ಮೇಲೆ, ಹಿಂದುಳಿದ ತನ್ನ ತಾಯಿ ಒಡಹುಟ್ಟಿದವರು ಏನಾದರೆಂಬುದನ್ನು ಅರಸುತ್ತ ಜರ್ಮನಿಯಿಂದ ಇಸ್ರೇಲಿನವರೆಗೆ ಸಂಚರಿಸುವಳು. ಹಿಂಸೆಯನ್ನು ಉಂಡ ಜನವು ಸ್ವಂತ ನಾಡನ್ನು ಪಡೆದ ಮೇಲೆ ಇನ್ನೊಬ್ಬರೊಡನೆ ಹೇಗೆ ನಡೆದುಕೊಳ್ಳುತ್ತಿದೆಯೆಂಬ ಪ್ರಶ್ನೆಯನ್ನೂ ಗ್ರಂಥಕರ್ತ್ರಿಯವರು ಎತ್ತದೆ ಬಿಟ್ಟಿಲ್ಲ. ಅನುಕಂಪವು ಕುರುಡಾಗಬಾರದೆಂಬ ಈ ಎಚ್ಚರವು ಗ್ರಂಥದ ದೊಡ್ಡ ಗುಣಗಳಲ್ಲೊಂದು.

ಈ ಕಲ್ಪನೆಗೆ ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಬೇಕಾದಷ್ಟು ಆಧಾರವುಂಟು. ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935-36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿದ್ದನು. ಯೆಹೂದ್ಯ ಮನೆತನದವನೆಂಬ ಕಾರಣದಿಂದ ಜರ್ಮನಿಯಲ್ಲಿ ಪದಚ್ಯುತನಾದವನು ಆತ. ಬರ್ಲಿನ್ನಿನಲ್ಲಿ 1908ರಲ್ಲಿ ಹುಟ್ಟಿದ ಆಟೋ ಕೋನಿಗ್ಸ್‌ಬರ್ಗರ್ ಎಂಬ ಶಿಲ್ಪಿಯು, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ 1939ರಲ್ಲಿ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ನೇಮಕವಾದನು. ಅವನು ಕಟ್ಟಿಸಿದ ಕಟ್ಟಡಗಳು ವಿಜ್ಞಾನ ಮಂದಿರದ ಆವರಣದಲ್ಲಿ ಇಂದಿಗೂ ನಿಂತಿವೆ. ಇವರಿಗಿಂತ ಮೊದಲೇ ದಂಡುಪ್ರದೇಶದಲ್ಲಿ ಕೆಲವು ಯೆಹೂದ್ಯ ಮನೆಗಳಿದ್ದವು. ಕಮರ್ಷಿಯಲ್ ಬೀದಿಯಲ್ಲಿ ರೂಬೆನ್ ಮೋಸೆಸ್ ಎಂಬವನ ಅಂಗಡಿಯು ಹೆಸರಾಗಿತ್ತು. ಮೈಸೂರು ರಸ್ತೆಯಲ್ಲಿ ಇರುವ ಯೆಹೂದ್ಯರ ರುದ್ರಭೂಮಿಗೆ ನಾಲ್ವಡಿ ಕೃಷ್ಣರಾಜ ಒಡೆಯರವರು 1904ರಲ್ಲಿ ನೆಲವನ್ನು ದಯಪಾಲಿಸಿದರು. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಸಭಾಮಂದಿರವಿದೆ. ಬೆಂಗಳೂರಿನಲ್ಲಿ ಅಂತಹ ಹಳೆಯ ಸಭಾಮಂದಿರವಿಲ್ಲ, ಇರುವುದು ಗೋರಿಗಳು. ಕನ್ನಡದ ಕಾದಂಬರಿಯು ಗೋರಿಯ ಕಡೆಯಿಂದ ಯೆಹೂದ್ಯರನ್ನು ಸಮೀಪಿಸಿದುದು ಆಕಸ್ಮಿಕವಲ್ಲವೆಂದು ತೋರುವುದು.

ಇನ್ನು ಗ್ರಂಥದ ಹೆಸರು. ‘ಯಾದ್ ವಶೇಮ್’ ಎಂಬುದು ಯೆಶಾಯನ ಗ್ರಂಥದ 56ನೆಯ ಅಧ್ಯಾಯದಲ್ಲಿ ಬರುವ ಹೀಬ್ರೂ ಮಾತು. ಸಂತಾನವಿಲ್ಲದವರಿಗೂ ತನ್ನ ಆಲಯದಲ್ಲಿ ಒಂದು ಗುರುತೂ ಒಂದು ಹೆಸರೂ ಉಳಿಯುವುವೆಂದು ದೇವರು ಕೊಡುವ ಭರವಸೆ ಅಲ್ಲಿಯದು. ‘ಯಾದ್’ ಎಂದರೆ ಕೈ, ನೆಟ್ಟ ಕಲ್ಲು, ಗುರುತು. ‘ಶೇಮ್’ ಎಂದರೆ ಹೆಸರು. 1953ರಲ್ಲಿ ಇಸ್ರೇಲಿನ ಶಾಸನಸಭೆಯು ಜೆರೂಸಲೇಮಿನ ಸ್ಮಾರಕಕ್ಕೆ ಈ ಹೆಸರನ್ನಿಟ್ಟಿತು. ಕನ್ನಡಕ್ಕೆ ವೀರಗಲ್ಲು ಮಾಸ್ತಿಕಲ್ಲುಗಳ ಬಳಕೆಯುಂಟಾದುದರಿಂದ ‘ಯಾದ್’ ಎಂಬುದರ ಅರ್ಥವು ಕನ್ನಡಿಗನಿಗೆ ಕಷ್ಟವಿಲ್ಲದೆ ಹಿಡಿಯುವುದು. ‘ಶೇಮ್’ ಎಂಬುದರಲ್ಲಿಯೇ ಈ ಕಾದಂಬರಿಯ ಗಂಟು ಅಡಗಿದೆ. ಸತ್ತವರ ಹೆಸರನ್ನು ಉಳಿಸುವ ಮಂದಿರವನ್ನು ಹುಡುಕಿ ಹೊರಟ ನಾಯಿಕೆಯೇ ಬದುಕಿದ್ದಂತೆ ತನ್ನ ಹೆಸರನ್ನು ನೀಗಿಕೊಂಡವಳು. ಹ್ಯಾನಾ ಅನಿತಾ ಆದಳು. ಕನ್ನಡ ಮನೆಯ ವಾತ್ಸಲ್ಯವು ಅವಳಿಗೆ ಜೀವವನ್ನು ಕೊಟ್ಟಿತು, ಹೆಸರನ್ನು ತೆಗೆದುಕೊಂಡಿತು. ಇದು ಯಾರ ತಪ್ಪೂ ಅಲ್ಲ. ಆದುದರಿಂದಲೇ ಇದರಲ್ಲಿ ದುರಂತಕ್ಕೆ ಉಚಿತವಾದ ಬೀಜವಿದೆ. ಆದರೆ ಕಾದಂಬರಿಯ ಭಾರವೆಲ್ಲ ಹೊರಗಿನ ಶೋಧನೆಯ ಮೇಲೆ, ಊರೂರುಗಳ ಮೇಲೆ, ಸಂಹಾರದ ಸ್ಥಳಗಳ ಮೇಲೆ ಬಿದ್ದಿರುವುದರಿಂದ, ಬೆಂಗಳೂರಿನ ಆ ಮನೆಯೊಳಗೆ ಹೆಸರು ಬದಲಾದ ದಿನಗಳ ಸೂಕ್ಷ್ಮಕ್ಕೆ ಸಲ್ಲಬೇಕಾದ ಪ್ರಾಧಾನ್ಯವು ಸಂದಿಲ್ಲ. ಹೆಸರು ಹೋಗುವುದು ಒಂದು ದಿನದ ಕಾರ್ಯವಲ್ಲ. ಶುಕ್ರವಾರದ ದೀಪವು ಯಾವ ವಾರ ಮರೆತುಹೋಯಿತು, ಯಾವ ಊಟವನ್ನು ಮೊದಲ ಸಲ ಸಂಕೋಚವಿಲ್ಲದೆ ಉಂಡಳು, ತಂದೆಯ ಭಾಷೆಯ ಯಾವ ಮಾತು ಕಟ್ಟಕಡೆಗೆ ನಾಲಗೆಯಿಂದ ಜಾರಿತು ಎಂಬಂತಹ ವಿಷಯಗಳ ಎಡೆಯಲ್ಲಿಯೇ ಅದು ನಡೆಯುವುದು. ಪ್ರವಾಸಕಥನದಲ್ಲಿಯೂ ನುರಿತ ಲೇಖನಿಯು ಹೊಸ ದೇಶಗಳ ಕಡೆಗೆ ಓಡುವುದು ಸಹಜ. ಈ ಸಂದರ್ಭದಲ್ಲಿ ಅದು ಸ್ವಲ್ಪ ಮನೆಯಲ್ಲಿಯೇ ನಿಂತಿದ್ದರೆ ಲಾಭವಿತ್ತು.

ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಸ್ಥಾಯಿಯಾದ ಶೋಕವು ಇಲ್ಲಿ ಬಲವಾಗಿದೆ. ಉದ್ದೀಪನ ವಿಭಾವಗಳು ಮಾತ್ರ ಬಹುಮಟ್ಟಿಗೆ ಚರಿತ್ರೆಯಿಂದ ಎರವಾಗಿ ತಂದವು. ಸೆರೆಶಿಬಿರದ ಬೇಲಿಯನ್ನು ಕಂಡು ಶೋಕವು ಉಕ್ಕುವುದಕ್ಕೆ ಕಾದಂಬರಿಯೇ ಬೇಕಾಗಿಲ್ಲ, ಚರಿತ್ರೆಯ ಪುಸ್ತಕವೂ ಸಾಕು. ಒಂದು ಖಾಲಿ ದೀಪದ ಬಟ್ಟಲನ್ನು ಕಂಡು ಶೋಕವು ಉಕ್ಕಬೇಕಾದರೆ ಆ ಬಟ್ಟಲು ತುಂಬಿದ್ದ ಸಂಜೆಗಳನ್ನು ವಾಚಕನು ಮೊದಲು ಕಂಡಿರಬೇಕು.

ಈ ಅಭಿಪ್ರಾಯವು ಕೇವಲ ತರ್ಕವಲ್ಲವೆಂಬುದಕ್ಕೆ ಇನ್ನೊಂದು ಗ್ರಂಥವನ್ನು ಪಕ್ಕದಲ್ಲಿಟ್ಟು ನೋಡಬಹುದು. ಅಹಮದಾಬಾದಿನ ಎಸ್ತರ್ ಡೇವಿಡ್ ಅವರ ‘ಬುಕ್ ಆಫ್ ರೇಚಲ್’ ಎಂಬ ಆಂಗ್ಲ ಕಾದಂಬರಿಯು 2006ರಲ್ಲಿ ಹೊರಬಂದು, 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಲೇಖಿಕೆಯು ಬೆನೆ ಇಸ್ರಾಯೇಲ್ ಎಂಬ ಭಾರತೀಯ ಯೆಹೂದ್ಯ ಸಮಾಜದವರು. ಕೊಂಕಣದ ಕಡಲಂಚಿನ ದಾಂಡಾ ಎಂಬ ಹಳ್ಳಿಯಲ್ಲಿ ರೇಚಲ್ ಎಂಬ ವಿಧವೆಯೊಬ್ಬಳು ಒಂಟಿಯಾಗಿರುವಳು. ಮಕ್ಕಳು ಇಸ್ರೇಲಿಗೆ ಹೋಗಿದ್ದಾರೆ. ಪೂಜೆಗೆ ಜನವಿಲ್ಲದ ಸಭಾಮಂದಿರವನ್ನು ಅವಳೊಬ್ಬಳೇ ಗುಡಿಸಿ ಒರಸಿ ಕಾಪಾಡುವಳು. ಅದನ್ನು ನೆಲದೊಡನೆ ಮಾರಿಬಿಡುವ ಪ್ರಯತ್ನಕ್ಕೆ ಎದುರು ನಿಲ್ಲುವಳು. ಅಧ್ಯಾಯಗಳು ಒಂದೊಂದು ಅಡಿಗೆಯ ವಿಧಾನದಿಂದ ಮೊದಲಾಗುವುವು. ಕಥಾವಸ್ತುವು ತೆಳ್ಳಗಿನದು, ಆಂಗ್ಲದಲ್ಲಿ ಬರೆದುದರ ಫಲವಾಗಿ ಅಡಿಗೆಯ ಮಾತುಗಳಲ್ಲಿ ಹೊರಗಿನವರಿಗೆ ವಿವರಿಸಿ ಹೇಳುವ ಧ್ವನಿಯೊಂದು ಅಲ್ಲಲ್ಲಿ ಕೇಳಿಬರುವುದು. ಆಶಯದ ಗಾಂಭೀರ್ಯದಲ್ಲಿ ಇದನ್ನು ‘ಯಾದ್ ವಶೇಮ್’ನೊಡನೆ ತೂಗಿದರೆ ಕನ್ನಡದ ತಕ್ಕಡಿಯೇ ತಗ್ಗುವುದು. ಆದರೂ ರೇಚಲಳು ಯಾರೆಂದು ವಾಚಕನಿಗೆ ಯಾರೂ ಹೇಳಬೇಕಾಗಿಲ್ಲ. ಅವಳ ಒಲೆಯೇ ಹೇಳುವುದು.

ಈ ಒಲೆಯ ಮಾತು ಕನ್ನಡ ವಾಚಕನಿಗೆ ಎಷ್ಟು ಹತ್ತಿರದ್ದೆಂಬುದನ್ನು ಕಾಣಬೇಕಾದರೆ ತಿಪಟೂರು ತುರುವೇಕೆರೆ ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯನ್ನು ನೆನೆಯುವುದು ಉಪಯುಕ್ತ. ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಲ್ಲಿ ಒಬ್ಬ ಸಾಹಿತ್ಯೋಪಾಧ್ಯಾಯನು ಈ ಎರಡು ಗ್ರಂಥಗಳನ್ನು ತೋಟದ ಮನೆಯ ಜಗಲಿಯಲ್ಲಿ ಕುಳಿತು ಓದುವನೆಂದು ಊಹಿಸಿಕೊಳ್ಳಬಹುದು. ಕಾಯಿಗಳನ್ನು ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗಗೊಟ್ಟು, ಸುಲಿದು, ಚಿಪ್ಪು ಬಿಡಿಸಿ, ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಒಯ್ಯುವ ಸೀಮೆ ಅದು. ಬರ್ಲಿನ್ನಿನ ಬೀದಿಯು ಅವನಿಗೆ ಓದಿ ತಿಳಿಯಬೇಕಾದ ವಿಷಯ. ಕೊಂಕಣದ ಯೆಹೂದ್ಯಳ ಅಡಿಗೆಮನೆಯಾದರೋ ಬಹುಮಟ್ಟಿಗೆ ತಿಳಿದದ್ದೇ.

ಮೊದಲು ಕಾಯಿಹಾಲನ್ನು ತೆಗೆದುಕೊಳ್ಳಬಹುದು. ಆಡಿನ ಮರಿಯನ್ನು ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂಬ ಮೋಶೆಯ ವಿಧಿಯಿಂದ ಮಾಂಸವನ್ನೂ ಹಾಲನ್ನೂ ಬೆರಸಲಾಗದೆಂಬ ನಿಯಮವು ಯೆಹೂದ್ಯರಲ್ಲಿ ಬೆಳೆದು ಬಂದಿದೆ. ತೆಂಗಿನ ಹಾಲು ಪ್ರಾಣಿಯ ಹಾಲಲ್ಲವಾದುದರಿಂದ, ಬೆನೆ ಇಸ್ರಾಯೇಲರೂ ಕೊಚ್ಚಿಯವರೂ ಮಾಂಸದ ಅಡಿಗೆಗೆ ಅದನ್ನೇ ಬಳಸಿ ನಿಯಮವನ್ನೂ ರುಚಿಯನ್ನೂ ಉಳಿಸಿಕೊಂಡರು. ಶಾವಿಗೆಗೆ ಕಾಯಿಹಾಲನ್ನು ಹಿಂಡುವ ಹಾಲ್ಕುರಿಕೆಯ ಗೃಹಿಣಿಗೆ ಈ ಯುಕ್ತಿಯು ಒಂದು ಕ್ಷಣದಲ್ಲಿ ಅರ್ಥವಾಗುವುದು; ಗ್ರಾಂಥಿಕವಾದ ಭಕ್ಷ್ಯಾಭಕ್ಷ್ಯ ವಿವೇಚನೆಯಿಂದ ಅಷ್ಟು ಬೇಗ ಅರ್ಥವಾಗಲಾರದು. ಬೆನೆ ಇಸ್ರಾಯೇಲರ ಅತ್ಯಂತ ಸ್ವಂತವಾದ ಆಚರಣೆ ಮಲೀದಾ. ಹರಕೆ ತೀರಿದಾಗ, ಮದುವೆಗೆ ಮುಂಚೆ, ಹೊಸ ಮನೆಗೆ ಹೋದಾಗ, ಎಲೀಯ ಪ್ರವಾದಿಯನ್ನು ನೆನೆದು, ಅವಲಕ್ಕಿಗೆ ಕಾಯಿತುರಿ ಸಕ್ಕರೆ ಬೆರಸಿ, ಹಣ್ಣುಗಳನ್ನು ಜೋಡಿಸಿ, ಪ್ರಾರ್ಥನೆಯಾದ ಮೇಲೆ ಎಲ್ಲರಿಗೂ ಹಂಚುವರು. ಇದು ಬೇರೆ ದೇಶಗಳ ಯೆಹೂದ್ಯರಲ್ಲಿ ಕಾಣದು. ಆದರೆ ಉತ್ತರ ಕರ್ನಾಟಕದ ಊರುಗಳಲ್ಲಿ ಮೊಹರಮ್ಮಿನ ಕಾಲಕ್ಕೆ ಮಲೀದೆಯೆಂಬ ಹೆಸರಿನದನ್ನೇ ಹಂಚುವುದುಂಟು. ಅವಲಕ್ಕಿ ಕಾಯಿತುರಿಗಳ ಪ್ರಸಾದವಂತೂ ಎಲ್ಲ ಕಡೆಯದು. ದ್ರಾಕ್ಷಾರಸದ ಮೇಲೆ ಹೇಳಬೇಕಾದ ಸಬ್ಬತ್ತಿನ ಮಂತ್ರವನ್ನು ಇವರು ಒಣದ್ರಾಕ್ಷಿಯನ್ನು ನೆನೆಸಿ ಹಿಂಡಿದ ಪಾನಕದ ಮೇಲೆ ಹೇಳಿದರು. ಸಿಕ್ಕಿದುದರಲ್ಲಿ ವಿಧಿಯನ್ನು ನಡೆಸಿಕೊಳ್ಳುವ ಈ ಬಗೆಯು ಯಾವ ಪುರೋಹಿತನಿಗೂ ಅಪರಿಚಿತವಲ್ಲ.

ಗಾಣದ ಸಂಗತಿಯು ಇದಕ್ಕಿಂತಲೂ ಬೋಧಪ್ರದವಾದುದು. ಕೊಂಕಣದ ಹಳ್ಳಿಗಳಲ್ಲಿ ಬೆನೆ ಇಸ್ರಾಯೇಲರು ಎಣ್ಣೆ ತೆಗೆಯುವ ಕಸುಬಿನವರು. ಶನಿವಾರ ಗಾಣವನ್ನು ನಿಲ್ಲಿಸುತ್ತಿದ್ದುದರಿಂದ ನೆರೆಯವರು ಅವರನ್ನು ‘ಶನವಾರ ತೇಲಿ’, ಎಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಗ್ರಂಥಗಳು ದೂರವಾಗಿದ್ದ ಶತಮಾನಗಳಲ್ಲಿ ಅವರ ಗುರುತನ್ನು ಉಳಿಸಿದ ಆಚಾರಗಳಲ್ಲಿ ಈ ನಿಂತ ಗಾಣವೂ ಒಂದು. ಹಾಲ್ಕುರಿಕೆಯ ಸೀಮೆಯಲ್ಲಿ ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಹೆಗಲಿಗೆ ನೊಗವಿಡದ ಮನೆಗಳುಂಟು. ಧರ್ಮೋಪದೇಶಕಾಂಡದಲ್ಲಿಯ ಸಬ್ಬತ್ತಿನ ವಿಧಿಯು ಮನುಷ್ಯನಿಗೆ ಮಾತ್ರವಲ್ಲದೆ ಅವನ ಎತ್ತಿಗೂ ಕತ್ತೆಗೂ ವಿಶ್ರಾಂತಿಯನ್ನು ವಿಧಿಸುವುದು. ಪಾಶ್ಚಾತ್ಯ ನಗರಗಳ ವಾಚಕನು ಸಬ್ಬತ್ತನ್ನು ಅಂಗಡಿ ಮುಚ್ಚುವ ದಿನವೆಂದು ಅರಿತರೆ, ತೆಂಗಿನ ಸೀಮೆಯ ವಾಚಕನು ಅದನ್ನು ಎತ್ತಿನ ಕಡೆಯಿಂದ ಅರಿಯಬಲ್ಲನು. ಮುಂಬಯಿಯ ಕವಿ ನಿಸ್ಸಿಮ್ ಎಝೆಕಿಯಲ್ (1924-2004) ತನ್ನ ಜೀವನದ ಹಿನ್ನೆಲೆಯನ್ನು ಕುರಿತ ಕವಿತೆಯೊಂದರಲ್ಲಿ ಪೂರ್ವಜರ ಈ ಗಾಣವನ್ನು ಸ್ಮರಿಸಿರುವನು. ಭಾರತದ ಪಾಠಪುಸ್ತಕಗಳು ಹೆಚ್ಚಾಗಿ ಆಯ್ದುಕೊಂಡುದು ಅವನ ಚೇಳಿನ ರಾತ್ರಿಯ ಕವಿತೆಯನ್ನು. ಅಲ್ಲಿ ಅವನು ಯೆಹೂದ್ಯನೆಂಬ ಸುಳಿವೇ ಇಲ್ಲ. ವಿದ್ಯಾರ್ಥಿಗಳಿಗೆ ಎರಡನ್ನೂ ಕೂಡಿಸಿ ಪಾಠ ಹೇಳುವ ಉಪಾಧ್ಯಾಯನಿಗೆ ಒಂದು ಗಂಟೆಯ ಒಳ್ಳೆಯ ಚರ್ಚೆ ದೊರೆಯುವುದು.

ಸಾಮ್ಯಗಳನ್ನು ಇಷ್ಟು ಹೇಳಿದ ಮೇಲೆ ಒಂದು ಎಚ್ಚರವನ್ನೂ ಹೇಳಬೇಕಾಗುವುದು. ಭಟ್ಟನಾಯಕನು ಹೇಳಿದ ಸಾಧಾರಣೀಕರಣವು ವಿಶೇಷವನ್ನು ಅಳಿಸಿಬಿಡುವ ಕ್ರಿಯೆಯಲ್ಲ. ವಿಶೇಷದ ಮೂಲಕವೇ ಸಾಧಾರಣವನ್ನು ಮುಟ್ಟುವ ಕ್ರಿಯೆ. ಸಬ್ಬತ್ತು ಬಸವಣ್ಣನ ಸೋಮವಾರವಲ್ಲ. ಅದರ ಹಿಂದೆ ಸೃಷ್ಟಿಯ ಏಳನೆಯ ದಿನದ ಕಥೆಯೂ ಐಗುಪ್ತದ ದಾಸ್ಯದಿಂದ ಬಿಡುಗಡೆಯಾದ ಜ್ಞಾಪಕವೂ ದೇವರೊಡನೆ ಮಾಡಿಕೊಂಡ ಒಡಂಬಡಿಕೆಯೂ ಇವೆ. ಎಲ್ಲರ ದೇವರೂ ಒಂದೇ, ಎಲ್ಲರ ಊಟವೂ ಒಂದೇ ಎಂದು ಬೇಗನೆ ಹೇಳಿಬಿಡುವ ಔದಾರ್ಯವು ಕನ್ನಡ ಸಾಹಿತ್ಯದ ಒಂದು ಹಳೆಯ ಗುಣ. ಕೆಲವೊಮ್ಮೆ ಅದೇ ಅದರ ದೋಷ. ಹ್ಯಾನಾಳನ್ನು ಅನಿತಾಳನ್ನಾಗಿ ಮಾಡಿದುದೂ ಇಂತಹ ಔದಾರ್ಯವೇ ಅಲ್ಲವೆ? ಕಾದಂಬರಿಯ ಸಂದೇಶವು ಮನುಷ್ಯತ್ವವು ಜಾತಿಮತಗಳಿಗಿಂತ ಮೇಲೆಂಬುದಾದರೆ, ಅದರ ಕಥೆಯು ಆ ಸಂದೇಶಕ್ಕೆ ತೆತ್ತ ಬೆಲೆಯನ್ನೂ ತೋರಿಸುತ್ತಿದೆ. ಕಥೆಯು ಸಂದೇಶಕ್ಕಿಂತ ಬುದ್ಧಿವಂತವಾಗಿದೆ. ಇದನ್ನು ದೂಷಣೆಯೆಂದು ತಿಳಿಯಬೇಕಾಗಿಲ್ಲ.

ಭಾಷೆಯ ವಿಚಾರದಲ್ಲಿ ಕನ್ನಡವು ಬಡವಾಗಿಲ್ಲ. ಸಬ್ಬತ್, ಪಸ್ಕ, ಪರ್ಣಶಾಲೆಗಳ ಹಬ್ಬ, ಸುನ್ನತಿ, ಸಭಾಮಂದಿರ ಮೊದಲಾದ ಪಾರಿಭಾಷಿಕ ಶಬ್ದಗಳನ್ನು ಬೈಬಲಿನ ಭಾಷಾಂತರಕಾರರು ಮಾಡಿಟ್ಟು ಹೋಗಿದ್ದಾರೆ. ಆದರೆ ಇವು ಚರ್ಚಿನ ಪೀಠದಿಂದ ಓದಿಸಿಕೊಂಡ ಶಬ್ದಗಳು, ಮನೆಯಲ್ಲಿ ಓಡಾಡಿದವಲ್ಲ. ಪರ್ಣಶಾಲೆ ಎಂದೊಡನೆ ಕನ್ನಡಿಗನ ಕಣ್ಣಿಗೆ ಬರುವುದು ಪಂಚವಟಿ. ಮಳೆಗಾಲ ಕಳೆದ ಮೇಲೆ ಕೊಚ್ಚಿಯ ಯೆಹೂದ್ಯರು ತೆಂಗಿನ ಗರಿ ಹೆಣೆದು ಹೊದಿಸಿದ ಗೂಡಿನಲ್ಲಿ ಕುಳಿತು ಉಣ್ಣುವ ಆ ಹಬ್ಬವನ್ನು ತಿಪಟೂರಿನ ಕಡೆಯವರು ‘ಚಪ್ಪರದ ಹಬ್ಬ’ವೆಂದರೆ ಅರ್ಥಹಾನಿಯೇನೂ ಆಗದು, ಸೋಗೆಯ ಸಂದಿನಿಂದ ಆಕಾಶ ಕಾಣಬೇಕೆಂಬ ನಿಯಮವೂ ಆ ಮಾತಿನಿಂದ ತಾನಾಗಿ ಹೊಳೆಯುವುದು. ಎಸ್ತರ್ ಡೇವಿಡ್ ಅವರ ಕಾದಂಬರಿಯನ್ನು ಕನ್ನಡಿಸಹೊರಟವನು ಬೈಬಲಿನ ಕನ್ನಡವನ್ನು ಪ್ರಾರ್ಥನೆಗೆ ಮೀಸಲಿಟ್ಟು, ಅಡಿಗೆಮನೆಗೆ ತೆಂಗಿನ ಸೀಮೆಯ ಕನ್ನಡವನ್ನು ಕರೆದರೆ, ಆಂಗ್ಲ ಮೂಲದಲ್ಲಿ ವಿವರಣೆಯಂತೆ ಕೇಳುವ ಮಾತುಗಳೆಲ್ಲ ಮನೆಯ ಮಾತುಗಳಾಗುವ ಸಂಭವವುಂಟು. ಭಾಷಾಂತರವು ಮೂಲವನ್ನು ಮೀರುವ ಅಪರೂಪದ ಪ್ರಸಂಗಗಳಲ್ಲಿ ಇದೊಂದಾಗಬಹುದು.

ಹೆಸರಿನ ವಿಷಯಕ್ಕೆ ಇನ್ನೊಮ್ಮೆ ಬರಬೇಕಾಗುವುದು. ಬೆನೆ ಇಸ್ರಾಯೇಲರು ತಾವು ನೆಲಸಿದ ಹಳ್ಳಿಯ ಹೆಸರಿಗೆ ‘ಕರ್’ ಸೇರಿಸಿ ಮನೆತನದ ಹೆಸರು ಮಾಡಿಕೊಂಡರು: ಪೇಣದವರು ಪೇಣಕರ್, ರೋಹೆಯವರು ರೋಹೇಕರ್. ಯೆಹೂದ್ಯ ಮನೆತನದ ಕಥೆಯನ್ನು ‘ಮಿಸ್ ಸ್ಯಾಮ್ಯುಅಲ್’ ಎಂಬ ಹೆಸರಿನಿಂದ ಹಿಂದಿಯಲ್ಲಿ ಬರೆದ ಲೇಖಿಕೆಯು ಶೀಲಾ ರೋಹೇಕರ್. ಊರ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತು ಹೋಗುವ ಹಾಲ್ಕುರಿಕೆಯವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. 1796ರಲ್ಲಿ ಮುಂಬಯಿಯ ಮೊದಲನೆಯ ಸಭಾಮಂದಿರವನ್ನು ಕಟ್ಟಿಸಿದ ಸೈನಿಕನು ಸಾಮಾಜಿ ಹಸಾಜಿ ದಿವೇಕರ್. ಸಾಮುಯೇಲನು ಸಾಮಾಜಿಯಾದನು, ಯೆಹೆಜ್ಕೇಲನು ಹಸಾಜಿಯಾದನು. ಮೈಸೂರಿನ ಯುದ್ಧದಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿ ಬಿಡುಗಡೆಯಾದ ಹರಕೆಗಾಗಿ ಅವನು ಅದನ್ನು ಕಟ್ಟಿಸಿದನೆಂಬುದು ಆ ಸಮಾಜದ ಪರಂಪರೆಯ ಕಥೆ. ಇಲ್ಲಿ ಹೆಸರು ಬದಲಾಯಿತು, ಗುರುತು ಹೋಗಲಿಲ್ಲ. ಹ್ಯಾನಾಳಲ್ಲಿ ಹೆಸರಿನೊಡನೆ ಗುರುತೂ ಮರೆಯಾಯಿತು. ಭೇದವೆಲ್ಲಿ ಎಂದರೆ, ಸಾಮಾಜಿಗೆ ಸುತ್ತಲೂ ಶನಿವಾರ ಗಾಣ ನಿಲ್ಲಿಸುವ ಹತ್ತು ಮನೆಗಳಿದ್ದವು. ಹ್ಯಾನಾ ಒಬ್ಬಳೇ.

ಮನೆವಾರ್ತೆಯು ಗುರುತಿಗೆ ಸಾಕೆ ಎಂಬ ಪ್ರಶ್ನೆ ಗ್ರಂಥಗಳ ಹೊರಗೂ ಎದ್ದುದುಂಟು. ಭಾರತ ಸ್ವತಂತ್ರವಾದ ಕಾಲಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚಾಗಿದ್ದ ಭಾರತೀಯ ಯೆಹೂದ್ಯರಲ್ಲಿ ಬಹುಭಾಗವು ಇಸ್ರೇಲಿಗೆ ಹೋಗಿ ನೆಲಸಿತು. ಭಾರತದಲ್ಲಿ ಇಂದು ಉಳಿದಿರುವವರು ಕೆಲವು ಸಾವಿರ ಮಾತ್ರ. ಹೋದವರಿಗೆ 1962ರಲ್ಲಿ ಅಲ್ಲಿಯ ಧರ್ಮಾಧಿಕಾರಿಗಳು ಒಂದು ತಡೆಯನ್ನೊಡ್ಡಿದರು. ಬೆನೆ ಇಸ್ರಾಯೇಲರು ಇತರ ಯೆಹೂದ್ಯರೊಡನೆ ಮದುವೆಯಾಗಬೇಕಾದರೆ ಅವರ ವಂಶವನ್ನು ತಲೆಮಾರುಗಳವರೆಗೆ ವಿಚಾರಿಸಬೇಕೆಂಬುದು ಆ ಆಜ್ಞೆ. ಶತಮಾನಗಳ ನಿಂತ ಗಾಣವೂ ಶುಕ್ರವಾರದ ದೀಪವೂ ಪ್ರಮಾಣವಾಗಲಿಲ್ಲ. ಜೆರೂಸಲೇಮಿನಲ್ಲಿ ಧರಣಿ ಕುಳಿತು ಹೋರಾಡಿದ ಮೇಲೆ 1964ರಲ್ಲಿ ಶಾಸನಸಭೆಯು ಅವರು ಎಲ್ಲ ಅರ್ಥದಲ್ಲಿಯೂ ಯೆಹೂದ್ಯರೇ ಎಂದು ಘೋಷಿಸಿತು. ಮಹಾರಾಷ್ಟ್ರವು ಅವರನ್ನು ಅಲ್ಪಸಂಖ್ಯಾತರೆಂದು ಮನ್ನಿಸಿದುದು 2016ರಲ್ಲಿ. ಇಸ್ರೇಲಿನ ದಿಮೋನಾ ಆಶ್ದೋದ್ ಮೊದಲಾದ ಊರುಗಳಲ್ಲಿ ನೆಲಸಿದ ಮೇಲೆ ಅವರು ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆಯನ್ನು ನಡೆಸಿದರು, ಮಲೀದಾವನ್ನು ಬಿಡಲಿಲ್ಲ. ಕೊಂಕಣದಲ್ಲಿ ಯೆಹೂದ್ಯರೆನಿಸಿಕೊಂಡವರು ಯೆಹೂದ್ಯರ ನಾಡಿನಲ್ಲಿ ಭಾರತೀಯರೆನಿಸಿಕೊಂಡರು. ಹ್ಯಾನಾಳ ಯಾತ್ರೆಯು ಇಸ್ರೇಲನ್ನು ಮುಟ್ಟುವಾಗ ಕಾದಂಬರಿಯ ದೃಷ್ಟಿಯು ಯೂರೋಪಿನಿಂದ ಬಂದವರ ಗಾಯದ ಮೇಲೆಯೂ ಅರಬರ ಗಾಯದ ಮೇಲೆಯೂ ನೆಟ್ಟಿರುವುದು ನ್ಯಾಯವೇ. ಆದರೆ ಬೆಂಗಳೂರಿನಿಂದ ಹೊರಟ ಹೆಂಗಸಿಗೆ ಎದುರಾಗಲು ಅತ್ಯಂತ ಯೋಗ್ಯರಾಗಿದ್ದವರು ಈ ಭಾರತೀಯ ಯೆಹೂದ್ಯರು. ಎರಡು ಹೆಸರುಗಳನ್ನು ಒಟ್ಟಿಗೆ ಹೊತ್ತು ಬಾಳುವುದು ಹೇಗೆಂಬುದನ್ನು ಅವರು ಬಲ್ಲರು. ಅವರಿಗೆ ಕಥೆಯ ನಡುಮನೆಯಲ್ಲಿ ಎಡೆಯಿದ್ದಿದ್ದರೆ ಹ್ಯಾನಾ-ಅನಿತಾ ಎಂಬ ದ್ವಂದ್ವವು ಇನ್ನೂ ಆಳಕ್ಕೆ ಇಳಿಯುತ್ತಿತ್ತು.

ಕನ್ನಡ ನಾಡಿನ ನೆಲದಲ್ಲಿಯೇ ಯೆಹೂದ್ಯ ಮನೆವಾರ್ತೆಯ ಇನ್ನೊಂದು ಭಂಡಾರವಿರುವುದನ್ನು ಇಲ್ಲಿ ಹೇಳದಿರಲಾಗದು. ಟ್ಯುನೀಸಿಯದ ಮಹದಿಯಾ ಪಟ್ಟಣದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನು 1132ರ ಸುಮಾರಿನಿಂದ 1149ರವರೆಗೆ ಹೆಚ್ಚಾಗಿ ಮಂಗಳೂರಿನಲ್ಲಿದ್ದನು. ಅದು ಆಳುಪರ ಕಾಲ. ಅವನ ಕಾಗದಗಳು ಕೈರೋ ನಗರದ ಸಭಾಮಂದಿರದ ಕೋಣೆಯಲ್ಲಿ ಉಳಿದು, ಗೋಯಿಟೈನ್ ಎಂಬ ವಿದ್ವಾಂಸನ ಶ್ರಮದಿಂದ ಬೆಳಕಿಗೆ ಬಂದವು. ಅಮಿತಾವ್ ಘೋಷರ ‘ಇನ್ ಆನ್ ಆಂಟೀಕ್ ಲ್ಯಾಂಡ್’ (1992) ಈ ಕಾಗದಗಳನ್ನು ಆಧರಿಸಿದ ಗ್ರಂಥ. ಅವುಗಳಲ್ಲಿ ಕಾಣುವ ದಾಸನ ಹೆಸರು ತುಳುನಾಡಿನ ಬೊಮ್ಮನದೆಂದು ಗುರುತಿಸುವುದರಲ್ಲಿ ಮಂಗಳೂರಿನ ಪ್ರೊ. ಬಿ. ಎ. ವಿವೇಕ ರೈ ಅವರ ನೆರವು ಘೋಷರಿಗೆ ದೊರೆಯಿತು. ಏಡನ್ನಿನಿಂದ ಮಂಗಳೂರಿಗೆ ಬರುತ್ತಿದ್ದುದು ಕಾಗದ, ಸಕ್ಕರೆ, ಒಣದ್ರಾಕ್ಷಿ, ಮತ್ತೆ ಎರಕ ಹೊಯ್ಯಲು ಒಡೆದ ಕಂಚಿನ ಪಾತ್ರೆಗಳು. ಮಂಗಳೂರಿನಿಂದ ಹೋಗುತ್ತಿದ್ದುದು ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ, ಹೊಸ ಕಂಚಿನ ಪಾತ್ರೆಗಳು. ಪಂಪ ರನ್ನರ ಭಾಷೆಯ ನಾಡಿನಲ್ಲಿ ಒಬ್ಬ ಯೆಹೂದ್ಯನು ಒಣದ್ರಾಕ್ಷಿಯನ್ನು ಕಾದು ಕುಳಿತಿದ್ದ ಚಿತ್ರವು ಇಲ್ಲಿ ತಾನಾಗಿ ಮೂಡುವುದು. ಅವನಿಗೆ ಅದು ಸಬ್ಬತ್ತಿನ ಪಾನಕಕ್ಕೋ, ಬರಿಯ ಬಾಯಿರುಚಿಗೋ ಎಂದು ಊಹಿಸುವ ಸ್ವಾತಂತ್ರ್ಯವು ಚರಿತ್ರಕಾರನಿಗಿಲ್ಲ, ಕಾದಂಬರಿಕಾರನಿಗುಂಟು.

ಆ ಕಾಗದಗಳಲ್ಲೊಂದು 1132ನೆಯ ಇಸವಿಯ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ದಾಸ್ಯವಿಮೋಚನಪತ್ರ. ಆಶು ಎಂಬ ಈ ಕರಾವಳಿಯ ದಾಸಿಯನ್ನು ಬೆನ್ ಯಿಜು ಬಿಡುಗಡೆ ಮಾಡಿದನು. ಅವನ ಮಕ್ಕಳಿಗೆ ಅವಳೇ ತಾಯಿಯಾದಳೆಂಬುದು ವಿದ್ವಾಂಸರ ಅಭಿಪ್ರಾಯ. ಬಿಡುಗಡೆಯೊಡನೆ ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರು ಬಂದಿತು. ಆಶೀರ್ವಾದವೆಂದು ಅದರ ಅರ್ಥ. ಬರ್ಲಿನ್ನಿನ ಹ್ಯಾನಾ ಬೆಂಗಳೂರಿನ ಮನೆಯಲ್ಲಿ ಅನಿತಾ ಆದಂತೆ, ಅದಕ್ಕೆ ಎಂಟುನೂರು ವರ್ಷ ಹಿಂದೆ ಮಂಗಳೂರಿನ ಆಶು ಯೆಹೂದ್ಯನ ಮನೆಯಲ್ಲಿ ಬೆರಾಖಾ ಆದಳು. ಬೆನ್ ಯಿಜು ಮಕ್ಕಳೊಡನೆ ಪಶ್ಚಿಮಕ್ಕೆ ಹಿಂದಿರುಗಿದನು. ಮಗಳನ್ನು ತನ್ನ ಒಡಹುಟ್ಟಿದವನ ಮಗನಿಗೆ ಕೊಟ್ಟು ಮದುವೆ ಮಾಡಿದನು. ದೊರೆತಿರುವ ಪತ್ರಗಳೆಲ್ಲ ಗಂಡಸರವು, ವ್ಯಾಪಾರದವು. ಆಶುವಿನ ಕೈಯ ಒಂದು ಸಾಲೂ ಅವುಗಳಲ್ಲಿಲ್ಲ. ಅವಳ ಮನೆಯಲ್ಲಿ ಶುಕ್ರವಾರ ಸಂಜೆ ದೀಪ ಹಚ್ಚುತ್ತಿದ್ದವರು ಯಾರೆಂಬುದನ್ನು ಅವು ಹೇಳುವುದಿಲ್ಲ.